ಓಡಿಹೋಗಲು ಕಾರಣವೇ ಇರಲಿಲ್ಲ ಎಂದವರು ಯಾರು?

ಅಕ್ಕ: (ಫೋಟೊ) ಇದು 1796ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ಪತ್ರಿಕೆಯಲ್ಲಿ ಬಂದ ಜಾಹೀರಾತು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆಯಲ್ಲಿ ಗುಲಾಮಗಿರಿಯಲ್ಲಿದ್ದ ಓನಾ ಜಡ್ಜ್ ತಪ್ಪಿಸಿಕೊಂಡಿದ್ದಾಳೆ, ಹಿಡಿದುಕೊಟ್ಟವರಿಗೆ 10 ಡಾಲರ್ ಅಂತ.

ಮಾವ: ಪೂರ್ತಿ ಓದಿದೆ. ಒಳ್ಳೊಳ್ಳೆ ಬಟ್ಟೆ ಬೇಕಾದಷ್ಟಿದ್ದವು, ಓಡಿಹೋಗುವಂಥದ್ದು ಏನೂ ನಡೆದಿರಲಿಲ್ಲ ಅಂತ ಅದರಲ್ಲೇ ಇದೆ. ಎಲ್ಲ ಯಜಮಾನರೂ ಕ್ರೂರಿಗಳಲ್ಲ. ಈಗಿನವರು ಸುಮ್ನೆ ಹಳೆಯ ಗಾಯ ಕೆರೆಯುತ್ತಾರೆ.

ನಾನು: ಮಾವ, ಅದನ್ನು ಹಾಕಿಸಿದ್ದು ಯಾರು ನೋಡಿ. ಆ ಮನೆಯ ಉಸ್ತುವಾರಿ ಫ್ರೆಡರಿಕ್ ಕಿಟ್. ವಯಸ್ಸು ಸುಮಾರು 20, ತೆಳ್ಳಗಿದ್ದಾಳೆ, ಮುಖದ ಮೇಲೆ ಕಂದು ಚುಕ್ಕೆಗಳು, ದಟ್ಟ ಕಪ್ಪು ಕೂದಲು ಅಂತ ಬರೆದಿದ್ದಾನಲ್ಲ, ಅದನ್ನು ನಂಬಬಹುದು. ಹಿಡಿಯಬೇಕಾದವರ ಗುರುತನ್ನು ಯಾರೂ ತಪ್ಪು ಬರೆಯುವುದಿಲ್ಲ. ಆಕೆಯ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಮಾತ್ರ ಅವನು ಸಾಕ್ಷಿಯಲ್ಲ.

ಮಾವ: ನಿನಗೆ ಹೇಗೆ ಗೊತ್ತು ಆಕೆಯ ಮನಸ್ಸು?

ನಾನು: ಆಕೆಯೇ ಹೇಳಿದ್ದಾಳೆ. 1845ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಪತ್ರಿಕೆ ಆಕೆಯ ಮಾತನ್ನು ಅಚ್ಚು ಹಾಕಿತು. ಮನೆಯವರೆಲ್ಲ ವರ್ಜೀನಿಯಾಕ್ಕೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದರು. ಆಕೆಯೂ ಕಟ್ಟಿದಳು, ಆದರೆ ತಪ್ಪಿಸಿಕೊಂಡು ಹೋಗಲು. ವಾಪಸ್ ಹೋದರೆ ಮತ್ತೆಂದೂ ಬಿಡುಗಡೆ ಇಲ್ಲ ಅಂತ ಗೊತ್ತಿತ್ತು. ಊರಿನ ಕಪ್ಪು ಜನರಲ್ಲಿ ಗೆಳೆಯರಿದ್ದರು. ಸಾಮಾನು ಮೊದಲೇ ಅವರ ಕಡೆ ಸಾಗಿಸಿ, ಮನೆಯವರು ಊಟ ಮಾಡುತ್ತಿದ್ದಾಗ ಹೊರಟುಬಿಟ್ಟಳು. ಅಧ್ಯಕ್ಷರ ಹೆಂಡತಿ ಮಾರ್ಥಾ ವಾಷಿಂಗ್ಟನ್ ಆಕೆಯನ್ನು ಮೊಮ್ಮಗಳಿಗೆ ಕೊಡುವವಳಿದ್ದಳು. ಮನುಷ್ಯಳನ್ನು, ಮಾವ! ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು?

ಮಾವ: 49 ವರ್ಷ ಆದ ಮೇಲಿನ ನೆನಪು ಅದು. ಅಚ್ಚು ಹಾಕಿದ್ದೂ ಗುಲಾಮಗಿರಿ ವಿರೋಧಿಗಳು.

ಅಣ್ಣ: ಇದು ಸರಿಯಾದ ಪ್ರಶ್ನೆ.

ನಾನು: ಸರಿಯಾದದ್ದೇ. ಅದಕ್ಕೇ ಆಗಿನ ಕಾಲದ್ದೇ, ಆಕೆಯ ಪರ ಇಲ್ಲದವರ ಕಾಗದ ನೋಡೋಣ. ಆಕೆ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿದ್ದಾಳೆ ಅಂತ ಗೊತ್ತಾದಾಗ ವಾಷಿಂಗ್ಟನ್ ಖಜಾನೆ ಮಂತ್ರಿಯ ಮೂಲಕ ಅಲ್ಲಿನ ಸುಂಕದ ಅಧಿಕಾರಿ ಜೋಸೆಫ್ ವಿಪಲ್‌ಗೆ ಹೇಳಿಸಿದ, ಹಿಡಿದು ಕಳಿಸು ಅಂತ. ವಿಪಲ್ ಆಕೆಯನ್ನು ಮಾತಾಡಿಸಿ 1796ರ ಅಕ್ಟೋಬರ್‌ನಲ್ಲೇ ಪತ್ರ ಬರೆದ. ಯಾರೂ ಪುಸಲಾಯಿಸಿ ಕರೆತಂದಿಲ್ಲ, ಪೂರ್ತಿ ಸ್ವಾತಂತ್ರ್ಯದ ದಾಹವೊಂದೇ ಕಾರಣ ಅಂತ. ಅಧ್ಯಕ್ಷರೂ ಅವರ ಹೆಂಡತಿಯೂ ತೀರಿಕೊಂಡ ಮೇಲೆ ಬಿಡುಗಡೆ ಕೊಡುವುದಾದರೆ ಬರುತ್ತೇನೆ, ಬೇರೆಯವರಿಗೆ ಮಾರುವ, ಕೊಟ್ಟುಬಿಡುವ ಬದುಕಿಗೆ ಮರಳುವುದಕ್ಕಿಂತ ಸಾವೇ ಮೇಲು ಅಂದಳಂತೆ. ಮೊಮ್ಮಗಳ ವಿಷಯ ಇಲ್ಲೇ ತಾಳೆಯಾಗುತ್ತದೆ ನೋಡಿ. ಅಂಥ ಒಪ್ಪಂದ ಆಗುವುದೇ ಇಲ್ಲ ಅಂತ ವಾಷಿಂಗ್ಟನ್ ನವೆಂಬರ್‌ನಲ್ಲಿ ಉತ್ತರ ಬರೆದ.

ಮಾವ: ಬಟ್ಟೆ ಇದ್ದದ್ದು ಸುಳ್ಳಲ್ಲ, ಅಲ್ವಾ?

ನಾನು: ಸುಳ್ಳಲ್ಲ. ಆಮೇಲೆ ಬಡತನದಲ್ಲೇ ದುಡಿದು 1848ರಲ್ಲಿ ತೀರಿಕೊಂಡಳು. ಅಷ್ಟು ಕಷ್ಟಪಟ್ಟಿದ್ದೀಯಲ್ಲ, ಬಿಟ್ಟು ಬಂದದ್ದಕ್ಕೆ ಬೇಸರವಿಲ್ಲವೇ ಅಂತ ಕೇಳಿದ್ದರು. ಇಲ್ಲ, ನಾನು ಸ್ವತಂತ್ರಳು ಅಂದಳು. ಕಾನೂನಿನ ಪ್ರಕಾರ ಮಾತ್ರ ಸಾಯುವವರೆಗೂ ಆಕೆ ಗುಲಾಮಳೇ.

ಅಕ್ಕ: ಫಿಲಡೆಲ್ಫಿಯಾದಿಂದ ಅಷ್ಟು ದೂರ ಹೇಗೆ ಹೋದಳು?

ನಾನು: ಹಡಗಿನಲ್ಲಿ. ಕ್ಯಾಪ್ಟನ್ ಜಾನ್ ಬೋಲ್ಸ್. ಆತ ಬದುಕಿರುವವರೆಗೂ ಆತನ ಹೆಸರನ್ನು ಆಕೆ ಬಾಯಿಬಿಡಲಿಲ್ಲ, ಕರೆದೊಯ್ದದ್ದಕ್ಕೆ ಆತನಿಗೆ ಶಿಕ್ಷೆಯಾದೀತು ಅಂತ.

ಮಾವ: ಆ ವಿಪಲ್ ಪತ್ರ ಗ್ರೂಪಿಗೆ ಹಾಕು. ಓದಿ ಆಮೇಲೆ ಮಾತಾಡುತ್ತೇನೆ.