ನಾಲ್ಕೂ ಕಡೆ ಸ್ಟಾಪ್ ಫಲಕ ಬೇಕೇ? ಟ್ರಾಫಿಕ್ ಎಂಜಿನಿಯರ್ ಉತ್ತರಿಸುತ್ತಾರೆ

ಪ್ರಶ್ನೆ:
ನಮಸ್ಕಾರ ಮೇಡಂ. ನಾವು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದೇವೆ. ನಮ್ಮ ಮನೆಯಿರುವ ಅಡ್ಡರಸ್ತೆ ಬಡಾವಣೆಯ ಮುಖ್ಯರಸ್ತೆಯನ್ನು ದಾಟಿ ಹೋಗುತ್ತದೆ. ಸ್ಟಾಪ್ ಫಲಕ ಇರುವುದು ಅಡ್ಡರಸ್ತೆಗೆ ಮಾತ್ರ. ಮುಖ್ಯರಸ್ತೆಯವರು ನಿಲ್ಲಬೇಕಾಗಿಲ್ಲ. ವೇಗಮಿತಿ ಗಂಟೆಗೆ 25 ಮೈಲಿ ಎಂದಿದ್ದರೂ ಯಾರೂ ಹಾಗೆ ಬರುವುದಿಲ್ಲ. ಮಕ್ಕಳು ಶಾಲೆಯ ಬಸ್ಸಿಗೆ ಅಲ್ಲೇ ದಾಟಿ ಹೋಗಬೇಕು. ನಾಲ್ಕೂ ಕಡೆ ಸ್ಟಾಪ್ ಫಲಕ ಹಾಕಿ ಎಂದು ನೆರೆಹೊರೆಯವರೆಲ್ಲ ಸಹಿ ಮಾಡಿ ನಗರದ ಕಚೇರಿಗೆ ಅರ್ಜಿ ಕೊಟ್ಟೆವು. ‘ಮಾನದಂಡಕ್ಕೆ ಹೊಂದುವುದಿಲ್ಲ’ ಎಂದು ಒಂದೇ ಸಾಲಿನ ಉತ್ತರ ಬಂದಿದೆ. ಯಾವ ಮಾನದಂಡ? ಯಾರಾದರೂ ಸಾಯುವವರೆಗೆ ಕಾಯಬೇಕೇ?

ಉತ್ತರ:
ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಕ್ಕಳು ದಾಟುವ ಜಾಗದ ಬಗ್ಗೆ ಅರ್ಜಿ ಕೊಟ್ಟವರಿಗೆ ಒಂದು ಸಾಲಿನ ಉತ್ತರ ಸಾಲದು. ನಾಲ್ಕೂ ಕಡೆ ಸ್ಟಾಪ್ ಬೇಕೋ ಬೇಡವೋ ಎಂಬುದನ್ನು ಸ್ಥಳ ಅಧ್ಯಯನದ ಆಧಾರದ ಮೇಲೆ ತೀರ್ಮಾನಿಸಬೇಕು ಎಂದು ರಸ್ತೆ ಫಲಕಗಳ ರಾಷ್ಟ್ರೀಯ ಕೈಪಿಡಿಯೇ ಹೇಳುತ್ತದೆ. ಆದ್ದರಿಂದ ಮೊದಲು ಆ ಅಧ್ಯಯನದ ಪ್ರತಿ ಕೇಳಿ. ಅಧ್ಯಯನ ನಡೆದೇ ಇಲ್ಲವಾದರೆ ಅದೂ ಆಗ ಗೊತ್ತಾಗುತ್ತದೆ.

ಅವರು ಮಾನದಂಡ ಎನ್ನುವುದು ಎಂಯುಟಿಸಿಡಿ ಎಂಬ ಕೈಪಿಡಿಯಲ್ಲಿರುವುದನ್ನು. ರಸ್ತೆ ಫಲಕ, ಸಿಗ್ನಲ್, ಪಟ್ಟೆಗಳ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಪುಸ್ತಕ ಅದು. ಅದರ ಹನ್ನೊಂದನೆಯ ಆವೃತ್ತಿ 2023ರ ಡಿಸೆಂಬರ್‌ನಲ್ಲಿ ಬಂತು. ಕೆಲವು ರಾಜ್ಯಗಳು ಅದನ್ನೇ ಆಧಾರವಾಗಿಟ್ಟುಕೊಂಡು ತಮ್ಮದೇ ಕೈಪಿಡಿ ಹೊರತಂದಿವೆ. ನಿಮ್ಮ ಅರ್ಜಿಯನ್ನು ಯಾವ ಆವೃತ್ತಿಯ ಪ್ರಕಾರ ನೋಡಿದರು ಎಂದು ಕೇಳುವುದು ಮುಖ್ಯ, ಏಕೆಂದರೆ ಹೊಸದರಲ್ಲಿ ಅಪಘಾತಗಳ ಲೆಕ್ಕ ಬದಲಾಗಿದೆ. ಹಿಂದೆ 12 ತಿಂಗಳೊಳಗೆ ಐದು ಅಪಘಾತ ದಾಖಲಾಗಿರಬೇಕಿತ್ತು. ಈಗ ನಾಲ್ಕು ರಸ್ತೆ ಸೇರುವಲ್ಲಿ 12 ತಿಂಗಳಲ್ಲಿ ಐದು ಅಥವಾ 36 ತಿಂಗಳಲ್ಲಿ ಆರು ಆಗಿದ್ದರೆ ಸಾಕು. ಮೂರು ರಸ್ತೆ ಸೇರುವಲ್ಲಿ 12 ತಿಂಗಳಲ್ಲಿ ನಾಲ್ಕು ಅಥವಾ 36 ತಿಂಗಳಲ್ಲಿ ಐದು. ಎಲ್ಲರೂ ನಿಂತು ಹೋಗಿದ್ದರೆ ತಪ್ಪುತ್ತಿತ್ತು ಎನ್ನಬಹುದಾದ ಅಪಘಾತಗಳನ್ನು ಮಾತ್ರ ಇಲ್ಲಿ ಎಣಿಸುತ್ತಾರೆ. ಅಡ್ಡ ಬಂದ ವಾಹನದ ಪಕ್ಕೆಗೆ ಗುದ್ದಿದ್ದು, ಎಡಕ್ಕೆ ತಿರುಗುವಾಗ ಎದುರಿನ ವಾಹನಕ್ಕೆ ಸಿಕ್ಕಿದ್ದು, ಇಂಥವು. ನಿಂತ ಕಾರಿಗೆ ಹಿಂದಿನಿಂದ ಗುದ್ದಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ವಾಹನಗಳ ಲೆಕ್ಕ. ದಿನದ ಯಾವುದಾದರೂ ಎಂಟು ಗಂಟೆಗಳಲ್ಲಿ, ಮುಖ್ಯರಸ್ತೆಯ ಎರಡೂ ದಿಕ್ಕು ಸೇರಿ ಗಂಟೆಗೆ ಸರಾಸರಿ 300, ಅದೇ ಗಂಟೆಗಳಲ್ಲಿ ಅಡ್ಡರಸ್ತೆಯಿಂದ 200 ಬರಬೇಕು. ಅಡ್ಡರಸ್ತೆಯ 200ರಲ್ಲಿ ಕಾರುಗಳ ಜೊತೆಗೆ ಸೈಕಲ್ಲಿನವರೂ ನಡೆದು ಹೋಗುವವರೂ ಸೇರುತ್ತಾರೆ. ನಿಮ್ಮ ಬಡಾವಣೆ ಈ ಸಂಖ್ಯೆಯನ್ನು ಮುಟ್ಟಲಾರದು ಎಂಬುದು ನನ್ನ ಊಹೆ. ಮನೆಗಳಷ್ಟೇ ಇರುವ ಅಡ್ಡರಸ್ತೆಯಲ್ಲಿ ಎಂಟು ಗಂಟೆ ಕಾಲ ಗಂಟೆಗೆ 200 ಎಂದರೆ ಬಹಳವಾಯಿತು. ಕಚೇರಿಯವರು ಇಷ್ಟನ್ನೇ ನೋಡಿ ಕೈತೊಳೆದುಕೊಂಡಿರುವ ಸಾಧ್ಯತೆ ಇದೆ.

ಆದರೆ ಕೈಪಿಡಿ ಅಷ್ಟಕ್ಕೇ ಮುಗಿಯುವುದಿಲ್ಲ. ಅಡ್ಡರಸ್ತೆಯಲ್ಲಿ ನಿಂತವನಿಗೆ ಮುಖ್ಯರಸ್ತೆಯ ವಾಹನ ಕಾಣದಿದ್ದರೆ, ಅವರೂ ನಿಲ್ಲದ ಹೊರತು ಸುರಕ್ಷಿತವಾಗಿ ಮುಂದೆ ಹೋಗಲು ಆಗದಿದ್ದರೆ, ಅದೊಂದೇ ಸಾಕಾದ ಕಾರಣ. ಅದಕ್ಕೆ ವಾಹನಗಳ ಲೆಕ್ಕವೂ ಬೇಡ, ಅಪಘಾತವೂ ಆಗಿರಬೇಕಾಗಿಲ್ಲ. ಪಾದಚಾರಿಗಳು ಹೆಚ್ಚಾಗಿ ದಾಟುವ ಜಾಗ ಎಂಬುದನ್ನೂ ಪರಿಗಣಿಸಲು ಅವಕಾಶವಿದೆ. ಯಾರಾದರೂ ಸಾಯುವವರೆಗೆ ಕಾಯಬೇಕೇ ಎಂದು ಕೇಳಿದಿರಿ. ಬೇಡ. ಕೈಪಿಡಿ ಹಾಗೆ ಎಲ್ಲಿಯೂ ಹೇಳಿಲ್ಲ.

ನಾನಾಗಿದ್ದರೆ ವಾಹನ ಎಣಿಸುವುದಕ್ಕೂ ಮೊದಲು ಮೂಲೆಯಲ್ಲಿ ನಿಂತು ನೋಡುತ್ತೇನೆ. ನೀವೂ ನೋಡಬಹುದು. ನಿಮ್ಮ ಅಡ್ಡರಸ್ತೆಯಲ್ಲಿ, ಮುಖ್ಯರಸ್ತೆಯ ಅಂಚಿನಿಂದ ಸುಮಾರು 14.5 ಅಡಿ ಹಿಂದೆ ನಿಲ್ಲಿ. ನಿಂತ ಕಾರಿನಲ್ಲಿ ಚಾಲಕನ ಕಣ್ಣು ಇರುವುದು ಹೆಚ್ಚುಕಡಿಮೆ ಅಲ್ಲಿ. ಕಾರಿನೊಳಗಿನ ಕಣ್ಣಿನ ಎತ್ತರವನ್ನು ನಾವು ಮೂರೂವರೆ ಅಡಿ ಎಂದು ಹಿಡಿಯುತ್ತೇವೆ, ಆದ್ದರಿಂದ ಬಗ್ಗಿ ನೋಡಬೇಕು. ನಿಂತ ಎತ್ತರದಿಂದ ನೋಡಿದರೆ ಪೊದೆಯ ಮೇಲಿನಿಂದ ರಸ್ತೆ ಕಂಡು ಎಲ್ಲವೂ ಸರಿಯಿದೆ ಎನಿಸಿಬಿಡುತ್ತದೆ. ಮುಖ್ಯರಸ್ತೆಯಲ್ಲಿ ವಾಹನಗಳು 25 ಮೈಲಿ ವೇಗದಲ್ಲಿ ಬರುತ್ತಿದ್ದರೆ, ಎಡಕ್ಕೆ ತಿರುಗಿ ಸೇರಿಕೊಳ್ಳುವವನಿಗೆ ಸುಮಾರು 280 ಅಡಿ ದೂರದ ಕಾರು ಕಾಣಬೇಕು. ಅದು ಏಳೂವರೆ ಸೆಕೆಂಡಿನ ದಾರಿ. 35 ಮೈಲಿಯಲ್ಲಿ ಬರುತ್ತಿದ್ದರೆ 390 ಅಡಿ ಬೇಕು. ಫಲಕದ ಮೇಲೆ 25 ಎಂದು ಬರೆದಿದ್ದರೂ ಅಳೆಯಬೇಕಾದದ್ದು ಜನ ನಿಜವಾಗಿ ಓಡಿಸುವ ವೇಗಕ್ಕೆ ತಕ್ಕ ದೂರವನ್ನು.

ಅಲ್ಲಿಂದ ನೋಡಿ ಏನು ಅಡ್ಡ ಬರುತ್ತದೆ ಎಂದು ತಿಳಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಮೇಡಂ, ಇಷ್ಟೆಲ್ಲ ಅಳತೆ ಏಕೆ? ನಾಲ್ಕು ಫಲಕ ಹಾಕಿದರೆ ಯಾರಿಗೇನು ನಷ್ಟ? ಅಪಘಾತ ಆಗಲಿ ಆಗದಿರಲಿ, ವೇಗವಾದರೂ ತಗ್ಗುತ್ತದೆಯಲ್ಲ?

ಉತ್ತರ:
ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೂ ಇದನ್ನು ನಾನು ಒಪ್ಪುವುದಿಲ್ಲ. ವೇಗ ತಗ್ಗಿಸಲು ಸ್ಟಾಪ್ ಫಲಕ ಬಳಸಬಾರದು ಎಂದು ಕೈಪಿಡಿಯಲ್ಲೇ ಇದೆ. ಅದಕ್ಕೆ ಕಾರಣವಿದೆ.

ಬೆಳಗ್ಗೆ ಇಂಥ ಒಂದು ಕೂಡುರಸ್ತೆಯ ಬದಿಯಲ್ಲಿ ನಿಂತು ಚಾಲಕರ ಮುಖವನ್ನಷ್ಟೇ ಗಮನಿಸಿ. ಅಡ್ಡರಸ್ತೆಯಲ್ಲಿ ಯಾವಾಗಲೋ ಒಂದು ಕಾರು ಬರುತ್ತದೆ. ಮುಖ್ಯರಸ್ತೆಯ ಚಾಲಕ ದಿನವೂ ನಿಂತು ನೋಡುತ್ತಾನೆ, ಯಾರೂ ಇರುವುದಿಲ್ಲ. ಕೆಲವು ದಿನಗಳಾದ ಮೇಲೆ ಅವನು ಪೂರ್ತಿ ನಿಲ್ಲುವುದನ್ನು ಬಿಡುತ್ತಾನೆ. ದೂರದಿಂದಲೇ ಎಡಬಲ ಕಣ್ಣಾಡಿಸಿ, ಕಾರುಗಳಿಲ್ಲ ಎಂದು ಖಚಿತವಾದರೆ ಚಕ್ರ ಉರುಳುತ್ತಿರುವಂತೆಯೇ ದಾಟುತ್ತಾನೆ. ಅವನು ಹುಡುಕುತ್ತಿರುವುದು ಕಾರನ್ನು. ಫುಟ್‌ಪಾತಿನ ಅಂಚಿನಲ್ಲಿ ಬ್ಯಾಗು ಹೊತ್ತು ನಿಂತ ಹುಡುಗಿ ಅವನ ಕಣ್ಣಿಗೆ ಬೀಳುವುದಿಲ್ಲ. ಆ ಹುಡುಗಿಗೋ ‘ಫಲಕವಿದೆ, ಕಾರು ನಿಲ್ಲುತ್ತದೆ’ ಎಂದು ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅವಳು ಕಾಲಿಡುತ್ತಾಳೆ. ಫಲಕವಿಲ್ಲದಿದ್ದರೆ ಅವಳು ಕಾಯುತ್ತಿದ್ದಳು. ಬೇಡದ ಕಡೆ ಫಲಕ ಹಾಕಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ವೇಗದ ವಿಷಯಕ್ಕೆ ಬಂದರೆ, ಫಲಕದ ಹತ್ತಿರ ನಿಧಾನಿಸಿದವರು ಅದನ್ನು ದಾಟಿದ ಮೇಲೆ ಕಳೆದುಕೊಂಡ ಸಮಯ ಗಿಟ್ಟಿಸಿಕೊಳ್ಳಲು ಇನ್ನಷ್ಟು ಒತ್ತುತ್ತಾರೆ. ರಸ್ತೆಯ ನಡುಭಾಗದ ಮನೆಗಳವರಿಗೆ ಏನೂ ಸಿಗುವುದಿಲ್ಲ, ಸಿಗುವುದು ಬ್ರೇಕು ಮತ್ತು ಎಂಜಿನ್ನಿನ ಸದ್ದು ಮಾತ್ರ.

ವೇಗವೇ ರೋಗವಾಗಿದ್ದರೆ ರಸ್ತೆಯ ಆಕಾರವನ್ನು ಬದಲಿಸಬೇಕು. ಉಬ್ಬು ಹಾಕಬಹುದು, ಪಾದಚಾರಿ ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬಹುದು, ಮೂಲೆಯ ಫುಟ್‌ಪಾತನ್ನು ರಸ್ತೆಯೊಳಕ್ಕೆ ಚಾಚಿ ದಾಟುವ ದೂರವನ್ನೇ ಕಡಿಮೆ ಮಾಡಬಹುದು. ಸಿಯಾಟಲ್ ನಗರದ ಮನೆಗಳಿರುವ ಬೀದಿಗಳಲ್ಲಿ, ನಾಲ್ಕು ರಸ್ತೆ ಸೇರುವ ನಡುವೆ ಗಿಡ ನೆಟ್ಟ ಪುಟ್ಟ ವೃತ್ತಗಳನ್ನು ಬಹಳ ಕಡೆ ಕಟ್ಟಿದ್ದಾರೆ. ನೇರವಾಗಿ ನುಗ್ಗಲು ದಾರಿಯೇ ಇಲ್ಲದಿದ್ದಾಗ ನಿಧಾನಿಸು ಎಂದು ಯಾರೂ ಹೇಳಬೇಕಾಗಿಲ್ಲ.

ಪ್ರಶ್ನೆ (ಮತ್ತೊಬ್ಬರು):
ನಮ್ಮಲ್ಲಿ ಉಲ್ಟಾ ನಡೆಯುತ್ತಿದೆ. ಇದ್ದ ಸಿಗ್ನಲ್ ದೀಪ ತೆಗೆದು ನಾಲ್ಕೂ ಕಡೆ ಸ್ಟಾಪ್ ಹಾಕುತ್ತಾರಂತೆ. ಇದ್ದ ಸುರಕ್ಷತೆಯನ್ನೂ ಕಿತ್ತುಕೊಂಡಂತೆ ಅಲ್ಲವೇ?

ಉತ್ತರ:
ವಾಹನ ಕಡಿಮೆಯಿರುವ ಕಡೆಯಾದರೆ ಭಯ ಬೇಡ. ಫಿಲಡೆಲ್ಫಿಯಾದಲ್ಲಿ ಅಗತ್ಯವಿಲ್ಲದ ಸಿಗ್ನಲ್‌ಗಳನ್ನು ತೆಗೆದು ಎಲ್ಲ ಕಡೆ ಸ್ಟಾಪ್ ಫಲಕ ಹಾಕಿದ ಸುಮಾರು 200 ಕೂಡುರಸ್ತೆಗಳ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅಲ್ಲಿ ಅಪಘಾತಗಳು ಕಾಲು ಭಾಗದಷ್ಟು ಇಳಿದಿದ್ದವು. ಹಸಿರು ದೀಪ ಕಂಡವನು ವೇಗವಾಗಿಯೇ ಬರುತ್ತಾನೆ. ಎಲ್ಲರೂ ನಿಂತು ಹೊರಡುವ ಕಡೆ ಡಿಕ್ಕಿಯಾದರೂ ಹೊಡೆತ ಸಣ್ಣದು. ಸರಿಯಾದ ಜಾಗದಲ್ಲಿ ಹಾಕಿದ ಆಲ್‌ವೇ ಸ್ಟಾಪ್ ಒಳ್ಳೆಯ ಸಾಧನ, ಅದರಲ್ಲಿ ನನಗೆ ಸಂಶಯವಿಲ್ಲ. ವಾಹನ ದಟ್ಟವಾಗಿದ್ದರೆ ಅಥವಾ ದೃಷ್ಟಿದೋಷವುಳ್ಳವರು ಸಿಗ್ನಲ್ಲಿನ ಸದ್ದನ್ನು ನಂಬಿ ದಾಟುವ ಜಾಗವಾದರೆ ಪ್ರಶ್ನೆ ಬೇರೆ. ಆಗ ತಪ್ಪದೆ ಆಕ್ಷೇಪ ಸಲ್ಲಿಸಿ.

ಪ್ರಶ್ನೆ (ಮೊದಲು ಕೇಳಿದವರು):
ಮೇಡಂ, ನೀವು ಹೇಳಿದಂತೆ ಬಗ್ಗಿ ನಿಂತು ನೋಡಿದೆ. ಬಲಕ್ಕೆ ಚೆನ್ನಾಗಿ ಕಾಣುತ್ತದೆ. ಎಡಕ್ಕೆ ಮೂಲೆಮನೆಯ ಬೇಲಿಪೊದೆ, ಅದರಾಚೆ ರಸ್ತೆಬದಿಯಲ್ಲಿ ಸಾಲಾಗಿ ನಿಂತ ಕಾರುಗಳು. ಮೊದಲನೆಯದು ಎತ್ತರದ ವ್ಯಾನ್, ಮೂಲೆಗೆ ಅಂಟಿದಂತೆಯೇ ಇರುತ್ತದೆ. ನೂರು ಅಡಿಯಾಚೆ ಏನೂ ಕಾಣುವುದಿಲ್ಲ. ಇದುವರೆಗೆ ಅಪಘಾತ ಆಗಿಲ್ಲ, ಕೂದಲೆಳೆಯಲ್ಲಿ ತಪ್ಪಿದ್ದು ಬಹಳ ಸಲ. ಈಗ ಏನು ಮಾಡಲಿ? ವಾಹನಗಳನ್ನು ನಾವೇ ಎಣಿಸಿದರೆ ಕಚೇರಿಯವರು ಒಪ್ಪುತ್ತಾರೆಯೇ?

ಉತ್ತರ:
ಬಹಳ ಉಪಯುಕ್ತ ಮಾಹಿತಿ ಕೊಟ್ಟಿರಿ. ಬೇಕಾದದ್ದು 280 ಅಡಿ, ಕಾಣುವುದು ನೂರು. 25 ಮೈಲಿಯಲ್ಲಿ ಬರುವ ಕಾರು ನೂರು ಅಡಿಯನ್ನು ಮೂರು ಸೆಕೆಂಡಿಗೂ ಮೊದಲೇ ಕ್ರಮಿಸುತ್ತದೆ. ಆ ವೇಗದಲ್ಲಿ ಬರುವವನಿಗೆ ಅಪಾಯ ಕಂಡು ಬ್ರೇಕ್ ಹಾಕಿ ಪೂರ್ತಿ ನಿಲ್ಲಲು 155 ಅಡಿ ಬೇಕೆಂದು ನಾವು ಲೆಕ್ಕ ಹಾಕುತ್ತೇವೆ. ಎಂದರೆ, ನೀವು ಕಾಣದೆ ಮುಂದೆ ಹೋಗಿಬಿಟ್ಟರೆ ಅವನು ನಿಲ್ಲಲೂ ಆಗದು. ಹಾಗಾಗಿ ವಾಹನ ಎಣಿಕೆಯ ವಾದವನ್ನು ಬದಿಗಿಟ್ಟು ಈ ನೋಟದ ಕೊರತೆಯನ್ನೇ ಹಿಡಿದುಕೊಳ್ಳಿ.

ಆದರೆ ಫಲಕ ಕೇಳುವ ಮೊದಲು ಆ ವ್ಯಾನ್ ಮತ್ತು ಪೊದೆಯ ಕಥೆ ಮುಗಿಸಬೇಕು. ಕಚೇರಿಯವರು ಕೇಳುವ ಮೊದಲ ಪ್ರಶ್ನೆಯೂ ಅದೇ: ಅಡ್ಡವಿರುವುದನ್ನು ತೆಗೆದರೆ ಸಾಕಲ್ಲವೇ? ಎಷ್ಟೋ ಕಡೆ ನಿಜಕ್ಕೂ ಅಷ್ಟೇ ಸಾಕಾಗುತ್ತದೆ. ಮೂಲೆಯ ಗಿಡ ಇಷ್ಟೇ ಎತ್ತರ ಇರಬೇಕು ಎಂಬ ನಿಯಮ ಬಹಳಷ್ಟು ಊರುಗಳಲ್ಲಿದೆ, ನಿಮ್ಮ ಊರಿನದನ್ನು ನೋಡಿ. ಮೂಲೆಮನೆಯವರ ಮೇಲೆ ದೂರು ಕೊಡುವ ಮೊದಲು ಒಮ್ಮೆ ಹೋಗಿ ಮಾತನಾಡಿ. ತಮ್ಮ ಪೊದೆಯಿಂದ ಹೀಗಾಗುತ್ತಿದೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ, ಏಕೆಂದರೆ ಅವರು ಆ ಕಡೆಯಿಂದ ಹೊರಡುವವರಲ್ಲ.

ನಿಲ್ಲಿಸಿದ ಕಾರುಗಳ ವಿಷಯ ಇನ್ನೂ ಮುಖ್ಯ. ಮೂಲೆಯ ಹತ್ತಿರ ಪಾರ್ಕಿಂಗ್ ನಿಷೇಧಿಸಿ ನೋಟ ತೆರೆಯುವುದು ಇಂದು ನಮ್ಮ ಕೈಯಲ್ಲಿರುವ ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿ ಕೆಲಸ ಎಂದು ನಾನು ನಂಬುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಪಾದಚಾರಿ ದಾಟುವ ಜಾಗಕ್ಕೆ ವಾಹನ ಬರುವ ಬದಿಯಲ್ಲಿ 20 ಅಡಿಯೊಳಗೆ ಕಾರು ನಿಲ್ಲಿಸಬಾರದು ಎಂಬ ಕಾನೂನು ಬಂದಿದೆ. ಪಟ್ಟೆ ಬಳಿದಿರದ ದಾಟುಜಾಗಗಳಿಗೂ ಅದು ಅನ್ವಯಿಸುತ್ತದೆ. ನ್ಯೂಜೆರ್ಸಿಯ ಹೊಬೊಕೆನ್ ನಗರ ಮೂಲೆಗಳಲ್ಲಿ ಕಂಬ ನೆಟ್ಟು ಕಾರುಗಳನ್ನು ದೂರವಿಟ್ಟಿತು, ಜೊತೆಗೆ ವೇಗಮಿತಿಯನ್ನೂ ಇಳಿಸಿತು. ಅಲ್ಲಿ 2017ರ ನಂತರ ಏಳು ವರ್ಷ ಅಪಘಾತದಲ್ಲಿ ಒಂದೂ ಸಾವು ಸಂಭವಿಸಲಿಲ್ಲ. ನಿಮ್ಮ ಜಾಗದಲ್ಲಿ 20 ಅಡಿ ತೆರವಾದರೆ ದಾಟುವ ಮಕ್ಕಳು ಚಾಲಕರಿಗೆ ಕಾಣುತ್ತಾರೆ. ಅಡ್ಡರಸ್ತೆಯ ಚಾಲಕನಿಗೆ 280 ಅಡಿ ಕಾಣಬೇಕಾದರೆ ಇನ್ನೂ ಹೆಚ್ಚು ಜಾಗ ತೆರವಾಗಬೇಕಾಗುತ್ತದೆ. ಮನೆಗಳ ಮುಂದಿನ ಅಷ್ಟು ಪಾರ್ಕಿಂಗ್ ತೆಗೆಯಲು ಆಗುವುದಿಲ್ಲ ಎಂದು ನಗರದವರು ಹೇಳಿದರೆ ನಿಮ್ಮ ವಾದ ಗಟ್ಟಿಯಾಗುತ್ತದೆ. ನೋಟ ಸರಿಪಡಿಸಲು ಸಾಧ್ಯವಿಲ್ಲ, ಆದ್ದರಿಂದ ಎಲ್ಲರೂ ನಿಲ್ಲಬೇಕು ಎಂದು ಆಗ ನೇರವಾಗಿ ಕೇಳಬಹುದು.

ನೀವೇ ಮಾಡಿದ ಎಣಿಕೆಯನ್ನು ಅವರು ಅಧಿಕೃತ ಎಂದು ಒಪ್ಪಲಿಕ್ಕಿಲ್ಲ, ಆದರೂ ಮಾಡಿ. ಶಾಲೆ ನಡೆಯುತ್ತಿರುವ ವಾರದಲ್ಲಿ, ಮಂಗಳವಾರದಿಂದ ಗುರುವಾರದೊಳಗೆ, ಬಸ್ ಬರುವ ಹೊತ್ತಿನ ಒಂದು ಗಂಟೆ ಸಾಕು. ಕಾಲು ಗಂಟೆಗೊಮ್ಮೆ ಬರೆದುಕೊಳ್ಳಿ. ದಾಟುವ ಮಕ್ಕಳನ್ನು ಬೇರೆಯಾಗಿ ಎಣಿಸಿ, ಏಕೆಂದರೆ ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸಿ ಎಣಿಸುವ ಯಂತ್ರಕ್ಕೆ ಮಕ್ಕಳು ಸಿಗುವುದಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಪ್ರತಿಯೊಂದು ಸಂದರ್ಭವನ್ನೂ ದಿನ, ಹೊತ್ತು, ಯಾವ ಕಡೆಯಿಂದ ಯಾರು ಬಂದರು ಎಂಬುದರೊಂದಿಗೆ ಗುರುತು ಮಾಡಿ. ಸಣ್ಣ ಗುದ್ದಾಟವಾದರೂ ಪೊಲೀಸರಲ್ಲಿ ದಾಖಲಿಸಿ. ದಾಖಲಾಗದ ಅಪಘಾತ ಮಾನದಂಡದ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ (ಅವರೇ):
ತುಂಬ ಧನ್ಯವಾದ ಮೇಡಂ. ಕೊನೆಯದೊಂದು. ಒಪ್ಪಿಗೆ ಸಿಕ್ಕಿತು ಎಂದಿಟ್ಟುಕೊಳ್ಳಿ, ಫಲಕ ಹಾಕಿದ ಮೇಲೆ ನಾವು ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ:
ಇದೆ, ಮೊದಲ ಕೆಲವು ವಾರಗಳೇ ಅಪಾಯದ ಕಾಲ. ಮುಖ್ಯರಸ್ತೆಯಲ್ಲಿ ವರ್ಷಗಟ್ಟಲೆ ನಿಲ್ಲದೆ ಹೋದವರು ಅಭ್ಯಾಸಬಲದಿಂದ ಹಾಗೆಯೇ ಹೋಗುತ್ತಾರೆ. ಮುಂದೆ ಹೊಸ ಸ್ಟಾಪ್ ಇದೆ ಎಂಬ ಎಚ್ಚರಿಕೆ ಫಲಕವನ್ನು ಸ್ವಲ್ಪ ಹಿಂದೆಯೇ ಹಾಕಿಸಲು ಅರ್ಜಿಯಲ್ಲೇ ಕೇಳಿ. ಪ್ರತಿ ಸ್ಟಾಪ್ ಫಲಕದ ಕೆಳಗೂ ‘ಆಲ್ ವೇ’ ಎಂಬ ಚಿಕ್ಕ ಪಟ್ಟಿ ಇರಲೇಬೇಕು. ನಿಮ್ಮ ಅಡ್ಡರಸ್ತೆಯ ಫಲಕದ ಕೆಳಗೆ ‘ಅಡ್ಡ ಬರುವ ವಾಹನ ನಿಲ್ಲುವುದಿಲ್ಲ’ ಎಂಬ ಹಳೆಯ ಹಳದಿ ಪಟ್ಟಿ ಇದ್ದರೆ ಅದನ್ನು ಅದೇ ದಿನ ತೆಗೆಯಬೇಕು. ಮರದ ಕೊಂಬೆ ಯಾವ ಫಲಕವನ್ನೂ ಮುಚ್ಚದಂತೆ ನೋಡಿಕೊಳ್ಳಿ. ಮಕ್ಕಳಿಗೆ ಒಂದು ಮಾತು ಹೇಳಿಕೊಡಿ: ಫಲಕವನ್ನು ನೋಡಿ ದಾಟಬೇಡಿ, ಚಕ್ರ ನಿಂತದ್ದನ್ನು ನೋಡಿ ದಾಟಿ.

ಅಧ್ಯಯನದ ಪ್ರತಿ ಕೈಗೆ ಬಂದಾಗ ಮನೆಯ ವಿಳಾಸ, ಹೆಸರುಗಳನ್ನು ಅಳಿಸಿ ಇಲ್ಲಿ ಹಾಕಿ. ಅಳತೆಗಳನ್ನು ನಾನು ಓದಿ ನೋಡುತ್ತೇನೆ.