ಮಳೆ ಹಿಡಿದ ಮೇಲೆ ಮಾರುತಿ 800 ಮಿಸ್ಸಿಂಗ್: ಪ್ಲಗ್ ಹೊಸತು, ಆದ್ರೂ ಏರಿನಲ್ಲಿ ಜರ್ಕ್

ಕಾಪು_ಕಡಲ್

ಗಾಡಿ 1997ರ ಮಾರುತಿ 800, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಎಂಜಿನ್. ಕಾಪುವಿನಲ್ಲಿ ಸಮುದ್ರಕ್ಕೆ ಹತ್ತಿರ, ಮೇಲೆ ಶೀಟ್ ಮಾತ್ರ ಇರುವ ಶೆಡ್ಡಿನಲ್ಲಿ ನಿಲ್ಲುವುದು. ಮಳೆ ಶುರುವಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮಿಸ್ಸಿಂಗ್, ಮೂರರಲ್ಲಿ ಎರಡೇ ಸಿಲಿಂಡರಿನಲ್ಲಿ ಓಡಿದ ಹಾಗೆ ಇಡೀ ಗಾಡಿ ಅಲುಗ್ತದೆ. ಬಿಸಿ ಆದ ಮೇಲೆ ಸುಮಾರು ಸರಿಯಾಗ್ತದೆ, ಆದ್ರೆ ಇಂದ್ರಾಳಿ ದಾಟಿ ಮಣಿಪಾಲದ ಏರಿನಲ್ಲಿ ಮೂರನೇ ಗಿಯರಿಗೆ ಹಾಕಿ ಒತ್ತಿದ್ರೆ ಪುನಃ ಜರ್ಕ್. ಪ್ಲಗ್ ಮೂರೂ ಹೊಸತು, ಏರ್ ಫಿಲ್ಟರ್ ಹೊಸತು. ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬದಲಿಸಬೇಕು ಅಂತಾರೆ. ಅದಕ್ಕೆ ಮೊದಲು ಮನೆಯಲ್ಲೇ ಎಂತ ಎಲ್ಲ ನೋಡ್ಬಹುದು? ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ), ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್ ಉಂಟು.

ಪಂಪ್‌ವೆಲ್_ಸ್ಪ್ಯಾನರ್

ಕಾರ್ಬುರೇಟರಿಗೆ ಈಗಲೇ ಕೈ ಹಾಕ್ಬೇಡಿ. ತೇವ ಇರುವಾಗ ಜಾಸ್ತಿ, ಒಣಗಿದ ಮೇಲೆ ಕಡಿಮೆ, ಲೋಡ್ ಬಿದ್ದಾಗ ಪುನಃ: ಇದು ಕರೆಂಟ್ ಸೋರುವ ಲಕ್ಷಣ. ಏರು ಹತ್ತುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಆ ಒತ್ತಡದಲ್ಲಿ ಪ್ಲಗ್ ಗ್ಯಾಪ್ ದಾಟ್ಲಿಕ್ಕೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಹೊರಗೆ ಅದಕ್ಕಿಂತ ಸುಲಭದ ದಾರಿ ಸಿಕ್ಕಿದ್ರೆ ಅಲ್ಲೇ ಹಾರಿ ಹೋಗ್ತದೆ. ಕಡಲ ಬದಿಯಲ್ಲಿ ಆ ದಾರಿ ಉಪ್ಪಿನದ್ದು. ಡಿಸ್ಟ್ರಿಬ್ಯೂಟರ್ (ಮೂರೂ ಪ್ಲಗ್ಗಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್, ಪ್ಲಗ್ ವೈರ್ ಮೇಲೆ ಕೂತ ಉಪ್ಪಿನ ಪದರ ಒಣಗಿದ್ದಾಗ ಸುಮ್ಮನಿರ್ತದೆ, ತೇವ ಹೀರಿದ ಕೂಡ್ಲೆ ಕರೆಂಟ್ ಹರಿಸ್ತದೆ.

ರಾತ್ರಿ ಲೈಟ್ ಎಲ್ಲ ಆರಿಸಿ, ಬಾನೆಟ್ ತೆಗೆದು ಐಡ್ಲಿಂಗಿನಲ್ಲಿ ಬಿಡಿ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟ್ಲಿಯಿಂದ ಪ್ಲಗ್ ವೈರ್, ಕಾಯಿಲ್ (ಕಿಡಿಗೆ ವೋಲ್ಟೇಜ್ ಏರಿಸುವ ಭಾಗ) ತಲೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ಮಂಜಿನ ಹಾಗೆ ಹೊಡೀರಿ. ಸೋರುವಲ್ಲಿ ನೀಲಿ ಕಿಡಿ ಕಾಣ್ತದೆ, ಚಟಚಟ ಶಬ್ದ ಬರ್ತದೆ. ಕೈ ತಾಗಿಸ್ಬೇಡಿ, ಫ್ಯಾನ್ ಬೆಲ್ಟಿನಿಂದ ದೂರ ಇರಿ.

ಆಮೇಲೆ ಎಂಜಿನ್ ನಿಲ್ಲಿಸಿ ಕ್ಯಾಪ್ ತೆಗೀರಿ. ವೈರ್ ಎಳೆಯುವ ಮೊದಲು 1, 2, 3 ಅಂತ ಟೇಪ್ ಅಂಟಿಸಿ. ಫೈರಿಂಗ್ ಆರ್ಡರ್ (ಸಿಲಿಂಡರಿಗೆ ಕಿಡಿ ಹೋಗುವ ಸರದಿ) 1-3-2, ಒಂದು ಅದಲುಬದಲಾದ್ರೂ ಹೊಸ ಮಿಸ್ಸಿಂಗ್ ಶುರು. ಕ್ಯಾಪಿನ ಒಳಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ತೆಳು ಕಪ್ಪು ಗೆರೆ ಇದ್ರೆ ಅದು ಕಾರ್ಬನ್ ಟ್ರ್ಯಾಕ್. ಅದನ್ನು ಉಜ್ಜಿ ತೆಗೆದ್ರೂ ಸುಟ್ಟ ಪ್ಲಾಸ್ಟಿಕ್ ಪುನಃ ಕರೆಂಟ್ ಹರಿಸ್ತದೆ, ಕ್ಯಾಪ್ ಬದಲಿಸುವುದೇ ದಾರಿ. ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನಲ್ಲಿ ಒಳಗೆ ಹೊರಗೆ ಆಡ್ಬೇಕು. ಕ್ಯಾಪಿನೊಳಗೆ ತಿರುಗುವ ರೋಟರಿನ ತುದಿ ಸುಟ್ಟಿದ್ರೆ ಅದನ್ನೂ ಕ್ಯಾಪಿನ ಜೊತೆಗೇ ಹಾಕಿ. ಒಳಗೆ ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಲೋಹದ ತುದಿ) ಇರುವ ಮಾಡೆಲ್ ಆದ್ರೆ ಗ್ಯಾಪ್ 0.4ರಿಂದ 0.5 ಮಿ.ಮೀ.

ಪ್ಲಗ್ ಹೊಸತು ಅಂತ ನಂಬಿ ಕೂರ್ಬೇಡಿ. ಗ್ಯಾಪ್ 0.7ರಿಂದ 0.8 ಮಿ.ಮೀ. ಉಂಟಾ ನೋಡಿ, ಪೆಟ್ಟಿಗೆಯಿಂದ ಬಂದದ್ದು ಹಾಗೇ ಇರ್ಬೇಕು ಅಂತ ಇಲ್ಲ. ಹೆಡ್ ಅಲ್ಯೂಮಿನಿಯಂ, ತಣ್ಣಗಿರುವಾಗಲೇ ಬಿಚ್ಚಿ. ಹಾಕುವಾಗ ಕೊನೆಯವರೆಗೆ ಕೈಯಲ್ಲೇ ತಿರುಗಿಸಿ, ಹೊಸ ವಾಷರ್ ಇರುವ ಪ್ಲಗ್ ಕೂತ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು.

ಕಾರ್ಕಳ_ಟ್ಯಾಪೆಟ್

ಮೇಲಿನದ್ದು ಸರಿ, ಆದರೆ ಯಾವ ಸಿಲಿಂಡರ್ ಸತ್ತಿದೆ ಎಂದು ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ಪಾರ್ಟ್ ಮೇಲೆ ಪಾರ್ಟ್ ಹಾಕುತ್ತಾ ಹೋಗುವುದೇ ಆಗುತ್ತದೆ. ಓಡುವ ಎಂಜಿನಿನಿಂದ ವೈರ್ ಎಳೆಯುವ ಅಭ್ಯಾಸ ಬೇಡ. ಶಾಕ್ ಹೊಡೆಯುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಮಾಡ್ಯೂಲ್ ಕೂಡ ಹೋಗಬಹುದು. ಎಂಜಿನ್ ಆಫ್ ಮಾಡಿ ಒಂದು ವೈರ್ ತೆಗೆಯಿರಿ, ಅದರ ತುದಿಗೆ ಹಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನಿಗೆ ಭದ್ರವಾಗಿ ಅರ್ಥ್ ಮಾಡಿ, ಅರ್ಧ ನಿಮಿಷ ಮಾತ್ರ ಓಡಿಸಿ. ಹತ್ತಿರದಲ್ಲಿ ಪೆಟ್ರೋಲ್ ಸೋರಿಕೆ ಇರಬಾರದು. ಮೂರಕ್ಕೂ ಹೀಗೆ ಮಾಡಿ. ಯಾವುದನ್ನು ತೆಗೆದಾಗ ಅಲುಗಾಟ ಸ್ವಲ್ಪವೂ ಹೆಚ್ಚುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್.

ಆ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ತೊಂದರೆ ಪ್ಲಗ್ ಜೊತೆ ಹೋದರೆ ಪ್ಲಗ್ಗಿನದ್ದು, ಅಲ್ಲೇ ಉಳಿದರೆ ವೈರ್, ಕ್ಯಾಪ್ ಅಥವಾ ಎಂಜಿನಿನ ಒಳಗಿನದ್ದು. ಪ್ಲಗ್ ತುದಿ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಕಿಡಿ ಇಲ್ಲ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ತೊಂದರೆ.

ನಿಮ್ಮ ಊರಿನ ಗಾಳಿಗೆ ಅರ್ಥ್ ವೈರನ್ನೂ ಬಿಡಬೇಡಿ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಯಿರಿ. 0.2 ವೋಲ್ಟಿಗಿಂತ ಬಹಳ ಮೇಲೆ ಹೋದರೆ ಬೋಲ್ಟ್ ಬಿಚ್ಚಿ, ಹಸಿರು ಕಿಲುಬು ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಹಚ್ಚಿ.

ಸುರತ್ಕಲ್_ಜೆಟ್

ಪೆಟ್ರೋಲ್ ಕಡೆಯೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಸಾದಾ ಪೆಟ್ರೋಲಿನ 1 ಕೆಜಿಗೆ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ, ಹಳೆಯ ಜೆಟ್ಟಿನಲ್ಲಿ (ಪೆಟ್ರೋಲ್ ಬಿಡುವ ಸಣ್ಣ ತೂತು) ಮೊದಲಿನಷ್ಟೇ ಬಿಡುತ್ತದೆ. ಅಂದರೆ ಮಿಶ್ರಣ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ತಣ್ಣಗಿರುವಾಗ ಅಲುಗಾಟ ಇರುವುದಕ್ಕೆ ಇದೂ ಸ್ವಲ್ಪ ಕಾರಣ ಆಗಬಹುದು.

ಎಥನಾಲ್ ನೀರು ಹೀರುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಎಥನಾಲನ್ನೂ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಫಿಲ್ಟರಿಗೆ ಬರುವ ಪೈಪಿನಿಂದ ಒಂದು ಲೋಟದಷ್ಟು ಗಾಜಿನ ಬಾಟ್ಲಿಗೆ ಹಿಡಿದು ಅರ್ಧ ಗಂಟೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ. ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಇದ್ದರೆ ಆ ದಿನವೇ ತೆಗೆಯಿರಿ. ಅದು ಬೆಂಕಿಯ ವಿಷಯ. ಐಡಲ್ ಜೆಟ್ ಕಟ್ಟಿದ್ದರೆ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಮಾತ್ರ, ತಂತಿ ಹಾಕಿದರೆ ತೂತಿನ ಅಳತೆ ಕೆಡುತ್ತದೆ.

ಕಾಪು_ಕಡಲ್

ಎಲ್ಲರಿಗೂ ಉಪಕಾರ. ಪೆಟ್ರೋಲ್ ಹಿಡಿದಿಟ್ಟ ಬಾಟ್ಲಿಯಲ್ಲಿ ನೀರಿಲ್ಲ. ಸತ್ತದ್ದು ನಡುವಿನ ಸಿಲಿಂಡರ್. ನೀರು ಚಿಮುಕಿಸಿದಾಗ 2ನೇ ವೈರಿನ ಬುಡದಲ್ಲಿ ಕಿಡಿ ಕಂಡಿತು, ಕ್ಯಾಪಿನ ಒಳಗೆ ಕಪ್ಪು ಗೆರೆಯೂ ಇತ್ತು. ಕ್ಯಾಪ್, ರೋಟರ್, ವೈರ್ ಸೆಟ್ ಹೊಸತು ಹಾಕಿದ ಮೇಲೆ ಏರಿನ ಜರ್ಕ್ ಪೂರ್ತಿ ಹೋಯಿತು. ಆದ್ರೆ ಐಡ್ಲಿಂಗಿನಲ್ಲಿ ಮಾತ್ರ ಈಗಲೂ ಅದೇ ಸಿಲಿಂಡರಿನಲ್ಲಿ ಸಣ್ಣ ಮಿಸ್ ಉಂಟು, ಸೈಲೆನ್ಸರಿನಲ್ಲಿ ಪಫ್ ಪಫ್ ಶಬ್ದ.

ಕಾರ್ಕಳ_ಟ್ಯಾಪೆಟ್

ಅದು ಬೇರೆಯದೇ ತೊಂದರೆ, ಎರಡನೇ ಸಿಲಿಂಡರಿನ ಎಕ್ಸಾಸ್ಟ್ ಟ್ಯಾಪೆಟ್ (ಹೊಗೆ ಬಿಡುವ ವಾಲ್ವನ್ನು ಒತ್ತುವ ಸ್ಕ್ರೂ) ಬಿಗಿ ಇರಬಹುದು. ರಾತ್ರಿ ನಿಂತ ಗಾಡಿಯಲ್ಲಿ, ಪೂರ್ತಿ ತಣ್ಣಗಿರುವಾಗ, ಆ ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲಿನ ತುದಿಗೆ ತಂದು ಸ್ಕ್ರೂ ಮತ್ತು ವಾಲ್ವ್ ತಲೆಯ ನಡುವೆ 0.15 ಮಿ.ಮೀ. ಫೀಲರ್ ಹಾಕಿ. ಸ್ವಲ್ಪ ಎಳೆತದೊಂದಿಗೆ ಜಾರಬೇಕು. ನುಗ್ಗದಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಬಿಸಿ ಅನಿಲ ಅಂಚಿನಲ್ಲಿ ನುಗ್ಗಿ ವಾಲ್ವ್ ಸುಡುತ್ತದೆ. ಸ್ಕ್ರೂ ಸರಿಹೊಂದಿಸಿ ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ.

ಅದಾದ ಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಗೇಜ್ ಹಾಕಿ ನೋಡಿ. ಮೂರೂ ಪ್ಲಗ್ ಹೊರಗೆ, ಕಾಯಿಲ್ ಕನೆಕ್ಷನ್ ತೆಗೆದು, ಆಕ್ಸಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಸೆಲ್ಫ್. ಸಿಲಿಂಡರುಗಳ ನಡುವೆ ಚದರ ಸೆಂ.ಮೀ.ಗೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಡಿಮೆ ಬಂದದ್ದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್. ಏರದಿದ್ದರೆ ಹೆಡ್ ಬಿಚ್ಚಿ ವಾಲ್ವ್ ಗ್ರೈಂಡಿಂಗ್ ಮಾಡಿಸಿ. ಪಕ್ಕದ ಸಿಲಿಂಡರಿನದ್ದೂ ಒಟ್ಟಿಗೆ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.