‘ಯೂ’ ಮೊದಲ ಕಂತಿನ ಒಳದನಿ: ಕನ್ನಡ ಚಿತ್ರಕಥೆಗೆ ಹೇಗೆ ಒಗ್ಗಿಸುವುದು?

ಜೆರಾಕ್ಸ್_ಅಂಗಡಿ ಕೇಳಿದ್ದು:

ಧಾರವಾಡದಲ್ಲಿ ನಡೆಯುವ ಆರು ಕಂತಿನ ವೆಬ್ ಸರಣಿಗೆ 40 ನಿಮಿಷದ ಮೊದಲ ಕಂತು ಬರೆಯುತ್ತಿದ್ದೇನೆ. ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ನಡೆಸುವವನಿಗೆ, ಪ್ರಿಂಟ್ ತೆಗೆಸಲು ಬರುವ ಎಂ.ಎ. ವಿದ್ಯಾರ್ಥಿನಿಯ ಗೀಳು ಹತ್ತುತ್ತದೆ. ಕಲಿಯಲು ಎದುರಿಗಿಟ್ಟುಕೊಂಡಿರುವುದು ‘ಯೂ’ ಸರಣಿಯ ಮೊದಲ ಕಂತು. ಗ್ರೆಗ್ ಬರ್ಲಾಂಟಿ, ಸೆರಾ ಗ್ಯಾಂಬಲ್ ಬರೆದದ್ದು, 2018ರ ಸೆಪ್ಟೆಂಬರ್ 9ಕ್ಕೆ ಲೈಫ್‌ಟೈಮ್ ವಾಹಿನಿಯಲ್ಲಿ ಬಂದದ್ದು.

ತೊಡಕು ಎರಡು. ನನ್ನ ನಾಯಕನ ಒಳದನಿ (ವಾಯ್ಸ್ ಓವರ್) ರೇಡಿಯೊ ನಾಟಕದ ಹಾಗಿದೆ, ತೆರೆಯ ಮೇಲೆ ಕಾಣುವುದನ್ನೇ ಮತ್ತೆ ಹೇಳುತ್ತದೆ. ಇನ್ನೊಂದು, ಕರಡು ಓದಿದವರಲ್ಲಿ ಕೆಲವರು ‘ಪಾಪ, ಒಳ್ಳೇ ಹುಡುಗ’ ಅಂದರು, ಉಳಿದವರು ಎರಡನೇ ಪುಟಕ್ಕೇ ಖಳ ಅಂದುಬಿಟ್ಟರು. ‘ಯೂ’ದ ನಾಯಕ, ಗಿರಾಕಿ ಹುಡುಗಿಯ ಗೀಳು ಹತ್ತಿದ ಪುಸ್ತಕದಂಗಡಿಯವ ಜೋ ಗೋಲ್ಡ್‌ಬರ್ಗ್ ವಿಷಯದಲ್ಲಿ ಇವೆರಡನ್ನೂ ಹೇಗೆ ತೂಗಿದ್ದಾರೆ?

---

ಕತ್ತರಿ_ಮೇಜು:

ಆ ಕಂತನ್ನು ಒಮ್ಮೆ ಶಬ್ದ ಮುಚ್ಚಿ ನೋಡಿ, ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಎರಡು ಬೇರೆ ಬೇರೆ ಕಥೆ ಸಿಗುತ್ತವೆ. ಶಬ್ದ ಇಲ್ಲದಾಗ, ನ್ಯೂಯಾರ್ಕಿನ ಪುಸ್ತಕದಂಗಡಿಗೆ ಒಬ್ಬ ಹುಡುಗಿ ಬಂದಳು, ಪುಸ್ತಕ ಹುಡುಕಿದಳು, ನಗುತ್ತ ಮಾತಾಡಿದಳು, ಕಾರ್ಡಿನಲ್ಲಿ ಹಣ ಕೊಟ್ಟು ಹೋದಳು. ಅಷ್ಟೇ. ಬರೀ ಕೇಳಿದರೆ ಅಲ್ಲೊಂದು ಪ್ರೇಮ ಶುರುವಾಗಿದೆ. ಆ ಹುಡುಗಿ ಬೆಕ್‌ಳ ಬಳೆಯ ಸದ್ದು ಜೋಗೆ ‘ನನ್ನನ್ನು ಗಮನಿಸು’ ಎಂದು ಕೇಳಿಸುತ್ತದೆ. ನಗದು ಇದ್ದೂ ಕಾರ್ಡು ಕೊಟ್ಟಳು ಅಂದರೆ ತನ್ನ ಹೆಸರು ನನಗೆ ತಿಳಿಯಲಿ ಎಂದೇ, ಅನ್ನುತ್ತಾನೆ. ಚಿತ್ರ ನಿಜ ಹೇಳುತ್ತಿದೆ, ದನಿ ತಪ್ಪು ಓದುತ್ತಿದೆ. ಈ ಬಿರುಕಿಲ್ಲದ ಒಳದನಿ ಬರೀ ವಿವರಣೆ.

ನಿಮ್ಮ ಕರಡಿಗೆ ಮೂರು ಕಾಲಂ ಹಾಕಿ: ಕಂಡದ್ದು, ಅವನು ಹಚ್ಚಿದ ಅರ್ಥ, ಇರಬಹುದಾದ ಸಾದಾ ಕಾರಣ. ಮೂರನೆಯ ಕಾಲಂ ತುಂಬಲಾಗದ ಸಾಲನ್ನು ಕಿತ್ತುಹಾಕಿ. ಉದಾಹರಣೆಗೆ, ಅವಳು ತನ್ನ ಫೈಲನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸುತ್ತಾಳೆ. ಅವನ ಅರ್ಥ: ನನಗೆ ನಂಬರು ಕೊಟ್ಟಳು. ಸಾದಾ ಕಾರಣ: ಪೆನ್‌ಡ್ರೈವ್ ತಂದಿಲ್ಲ. ಜೆರಾಕ್ಸ್ ಅಂಗಡಿ ಒಳ್ಳೆಯ ಆಯ್ಕೆ, ಅದನ್ನು ಪುಸ್ತಕದಂಗಡಿಯತ್ತ ಎಳೆಯಬೇಡಿ. ಜೋ ಗೂಗಲ್ ಮಾಡಿ ಹುಡುಕಿದ್ದನ್ನು ನಮ್ಮಲ್ಲಿ ಜನ ತಾವೇ ಕೌಂಟರಿನ ಮೇಲಿಡುತ್ತಾರೆ: ಆಧಾರ್, ಹಾಲ್ ಟಿಕೆಟ್, ಬಾಡಿಗೆ ಕರಾರು.

ತೂಗುವ ಮಾತಿಗೆ ಬಂದರೆ, ಮೆಟ್ಟಿಲುಗಳ ಎತ್ತರ ನೋಡಿ. ಮೊದಲು ಹೆಸರು ಹುಡುಕುತ್ತಾನೆ. ಆಮೇಲೆ ಪರದೆ ಇಲ್ಲದ ಅವಳ ಕಿಟಕಿಯ ಎದುರು ನಿಲ್ಲುತ್ತಾನೆ, ಗ್ಯಾಸ್ ಸೋರಿಕೆಯ ನೆಪದಲ್ಲಿ ಮನೆ ಹೊಗುತ್ತಾನೆ, ಫೋನು ಇಟ್ಟುಕೊಳ್ಳುತ್ತಾನೆ, ಕೊನೆಗೆ ಒಬ್ಬ ಮನುಷ್ಯನನ್ನೇ ಕೂಡಿಹಾಕುತ್ತಾನೆ. ಮೊದಲ ಮೆಟ್ಟಿಲು ನೋಡುಗರೂ ಹತ್ತಿರುವಂಥದ್ದು, ಅದಕ್ಕೇ ಅವರು ಜೊತೆಗೆ ಬಂದುಬಿಡುತ್ತಾರೆ. ನಡುವೆ ಪಕ್ಕದ ಮನೆಯ ಹುಡುಗ ಪ್ಯಾಕೊಗೆ ಪುಸ್ತಕ ಕೊಡುವ ದೃಶ್ಯಗಳು ಸಾಲ ಮುಂಗಡ ಕೊಟ್ಟ ಹಾಗೆ. ಕಿಟಕಿ, ಮನೆ ಹೊಗುವಿಕೆ ಎಲ್ಲ ಆ ಖಾತೆಯಿಂದ ಖರ್ಚಾಗುತ್ತವೆ. ನೆಲಮಾಳಿಗೆಯ ಗಾಜಿನ ಕೋಣೆಯೂ ಮೊದಲು ಹಳೆಯ ಪುಸ್ತಕಗಳನ್ನು ಕಾಪಾಡುವ ಜಾಗವಾಗಿಯೇ ಪರಿಚಯ. ಕಂತು ಮುಗಿಯುವಾಗ ಅದರೊಳಗೆ ಬೆಕ್‌ಳ ಪ್ರಿಯಕರ ಬೆಂಜಿ ಇದ್ದಾನೆ.

‘ಪಾಪ’ ಅನ್ನುವವರಿಗೆ ಮದ್ದು ಒಂದೇ: ಒಳದನಿ ಇಲ್ಲದ ಒಂದು ಶಾಟ್. ಅವಳು 12 ಪುಟಕ್ಕೆ ದುಡ್ಡು ಕೊಟ್ಟು ಹೋಗುತ್ತಾಳೆ, ಯಂತ್ರದ ಪುಟ ಎಣಿಸುವ ಕೌಂಟರ್ 13 ಮುಂದೆ ಸರಿದಿದೆ. ಅದರ ಬಗ್ಗೆ ಅವನು ತುಟಿ ಬಿಚ್ಚಬಾರದು. ಇದನ್ನು 10ನೇ ನಿಮಿಷದೊಳಗೆ ಇಡಿ. ಆದರೂ ಕೆಲವರು ಮರುಳಾಗುತ್ತಾರೆ. ಜೋ ಪಾತ್ರದ ಪೆನ್ ಬ್ಯಾಡ್ಜ್ಲಿಯೇ 2019ರ ಜನವರಿಯಲ್ಲಿ ಟ್ವಿಟರ್‌ನಲ್ಲಿ ಅಭಿಮಾನಿಗಳಿಗೆ ಇವನು ಕೊಲೆಗಾರ ಎಂದು ನೆನಪಿಸಬೇಕಾಯಿತು. ಆ ಅಪಾಯ ಪೂರ್ತಿ ಹೋಗುವುದಿಲ್ಲ.

---

ನಾನು_ನೀನು:

ಭಾಷೆಯ ಕಡೆಯಿಂದ ಒಂದಿಷ್ಟು. ಕ್ಯಾರೊಲಿನ್ ಕೆಪ್ನೆಸ್ ಅವರ 2014ರ ಕಾದಂಬರಿಯೇ ‘ನಿನ್ನನ್ನು’ ಉದ್ದೇಶಿಸಿ ಮಾತಾಡುವಂಥದ್ದು, ಸರಣಿ ಅದನ್ನು ಉಳಿಸಿಕೊಂಡಿತು. ಇಂಗ್ಲಿಷಿನಲ್ಲಿ ಗಿರಾಕಿಗೂ ಪ್ರೇಯಸಿಗೂ ಒಂದೇ ಸರ್ವನಾಮ. ನಮ್ಮಲ್ಲಿ ಆ ಅನುಕೂಲ ಇಲ್ಲ, ಅದಕ್ಕಿಂತ ಒಳ್ಳೆಯದು ಇದೆ. ಬಾಯಲ್ಲಿ ‘ನೀವು’, ಮನಸ್ಸಲ್ಲಿ ‘ನೀನು’. ಅಂಗಡಿಯಲ್ಲಿ ‘ಎಷ್ಟ್ ಕಾಪಿ ಬೇಕ್ರಿ ಮೇಡಂ?’ ಎಂದು ಕೇಳಿದ ಮರುಕ್ಷಣ ಒಳಗೆ ‘ಇವತ್ತೂ ಅದೇ ಚೀಲ ತಂದಿ’. ಅವಳು ಕೊಡದ ಸಲಿಗೆಯನ್ನು ಅವನು ತೆಗೆದುಕೊಂಡಾಯಿತು, ಬೇರೆ ವಿವರಣೆಯೇ ಬೇಡ.

ಇನ್ನೊಂದು ಸೂಕ್ಷ್ಮ. ಮೈಸೂರು ಕಡೆಯ ಮಾತಲ್ಲಿ ‘ನಾನು ನಕ್ಕೆ’, ‘ನೀನು ನಕ್ಕೆ’, ಎರಡಕ್ಕೂ ಕ್ರಿಯಾಪದ ಒಂದೇ. ಸರ್ವನಾಮ ಬಿಟ್ಟರೆ ‘ನೋಡಿದೆ. ನಕ್ಕೆ. ಹೆಸರು ಹೇಳಿದೆ’ ಎಂಬಲ್ಲಿ ಯಾರು ನಕ್ಕರು, ಯಾರು ಹೆಸರು ಹೇಳಿದರು ತಿಳಿಯುವುದಿಲ್ಲ. ಗೀಳಿನವನ ತಲೆಯಲ್ಲಿ ಇಬ್ಬರೂ ಒಂದಾಗಿರುವುದನ್ನು ವ್ಯಾಕರಣವೇ ತೋರಿಸುತ್ತದೆ. ಭೂತಕಾಲದಲ್ಲಿ ಮಾತ್ರ, ‘ನೋಡ್ತೀನಿ’, ‘ನೋಡ್ತೀಯ’ ಆದ ಕೂಡಲೇ ಇಬ್ಬರೂ ಬೇರೆಯಾಗುತ್ತಾರೆ.

ಆದರೆ ನಿಮ್ಮ ಊರು ಧಾರವಾಡ. ಅಲ್ಲಿ ‘ನಾ ನಕ್ಕೆ’, ‘ನೀ ನಕ್ಕಿ’. ಈ ಬೆಸುಗೆ ನಿಮಗೆ ಸಿಗುವುದಿಲ್ಲ, ಅದಕ್ಕಾಗಿ ಹುಡುಗನ ಬಾಯಿಗೆ ಮೈಸೂರು ಮಾತು ತುರುಕಬೇಡಿ, ಮೊದಲ ದೃಶ್ಯದಲ್ಲೇ ಊರು ಸುಳ್ಳಾಗುತ್ತದೆ. ನಿಮ್ಮ ಕೈಯಲ್ಲಿರುವುದು ‘ರಿ’. ಕಂತಿನುದ್ದಕ್ಕೂ ಹೊರಗೆ ಹೇಳುವ ಪ್ರತಿ ಮಾತಿಗೂ ‘ರಿ’ ಇರಲಿ, ಒಳದನಿಯಲ್ಲಿ ಒಂದೂ ಬೇಡ. ಕೊನೆಯ ದೃಶ್ಯದಲ್ಲಿ ಒಂದೇ ಸಲ ಅದು ಹೊರಗೇ ಬಿದ್ದುಹೋಗಲಿ: ‘ಬೈಂಡಿಂಗ್ ನಾಳೆ ಕೊಡ್ತೇನಿ, ಸಂಜಿಗೆ ಬಾ.’ ಅವಳು ತಲೆ ಎತ್ತಿ ನೋಡಬೇಕು. ಗಾಜಿನ ಕೋಣೆ ಮಾಡುವ ಕೆಲಸವನ್ನು ಆ ‘ಬಾ’ ಮಾಡುತ್ತದೆ.

---

ಜೆರಾಕ್ಸ್_ಅಂಗಡಿ:

‘ರಿ’ ಮಾತು ತುಂಬ ಉಪಯೋಗಕ್ಕೆ ಬಂತು, ಕೌಂಟರ್ ಶಾಟ್ ಕೂಡ. ಈಗ ಫೋನಿನ ವಿಷಯ. ಜೋ ಸುರಂಗ ರೈಲಿನ ಹಳಿಯಿಂದ ಬೆಕ್‌ಳನ್ನು ಎತ್ತುತ್ತಾನೆ, ಅವಳ ಫೋನು ಅವನ ಬಳಿ ಉಳಿಯುತ್ತದೆ, ಅವಳು ಹೊಸ ಫೋನು ತೆಗೆದುಕೊಂಡರೂ ಹಳೆಯದರಲ್ಲಿ ಎಲ್ಲ ಕಾಣಿಸುತ್ತಲೇ ಇರುತ್ತದೆ. ಇದು ನಮ್ಮಲ್ಲಿ ನಂಬಿಕೆಯಾಗುತ್ತದೆಯೇ? ಧಾರವಾಡ ಸ್ಟೇಷನ್ನಿನಲ್ಲಿ ಹಾಗೆ ಕಾಪಾಡುವ ದೃಶ್ಯ ಇಡಲೇ?

---

ಮಹಜರು:

ಅದೇ ರೂಪದಲ್ಲಿ ನಂಬಿಕೆಯಾಗುವುದಿಲ್ಲ. ನಿಮ್ಮ ಪಾತ್ರಗಳ ಮಾತುಕತೆ ವಾಟ್ಸಾಪಿನಲ್ಲಿ. ಅವಳು ಅದೇ ನಂಬರಿನಿಂದ ಹೊಸ ಫೋನಿನಲ್ಲಿ ನೋಂದಾಯಿಸಿದ ಕ್ಷಣ ಹಳೆಯ ಫೋನಿನಲ್ಲಿ ಖಾತೆ ಮುಚ್ಚಿಹೋಗುತ್ತದೆ. ಸಿಮ್ ಬ್ಲಾಕ್ ಮಾಡಿಸುವುದಂತೂ ಎಲ್ಲರಿಗೂ ಗೊತ್ತು. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ (ಫೋನಿನ ಗುರುತು ಸಂಖ್ಯೆ) ತಡೆದರೆ ನೆಟ್‌ವರ್ಕ್ ಸಿಗದು, ಆದರೆ ವೈಫೈ ನಡೆಯುತ್ತದೆ. ಹಾಗಾಗಿ ಉಳಿಯುವುದು ಇಮೇಲ್ ಮತ್ತು ಫೋಟೊ, ಅವಳು ಆ ಸಾಧನವನ್ನು ಖಾತೆಯಿಂದ ತೆಗೆದುಹಾಕುವ ತನಕ, ಅದೂ ಫೋನಿಗೆ ಲಾಕ್ ಇರದಿದ್ದರೆ. ಬೆಕ್ ಫೋನಿಗೆ ಲಾಕ್ ಇರಲಿಲ್ಲ ಎಂಬುದೇ ಆ ಕಂತಿನಲ್ಲಿ ನಾವು ನುಂಗಬೇಕಾದ ದೊಡ್ಡ ತುತ್ತು.

ನಿಮಗೆ ಕಳವು ಬೇಕಾಗಿಯೇ ಇಲ್ಲ. ಅವಳು ಕಳಿಸಿದ ಫೈಲುಗಳು ಅಂಗಡಿಯ ಕಂಪ್ಯೂಟರಿನಲ್ಲಿ ಇವೆ, ಅವನು ಅಳಿಸಿಲ್ಲ. ಎಷ್ಟೋ ಮಂದಿ ಅಂಗಡಿಯ ಕಂಪ್ಯೂಟರಿನಲ್ಲೇ ತಮ್ಮ ಇಮೇಲ್ ತೆರೆದು ಲಾಗೌಟ್ ಮಾಡದೆ ಎದ್ದುಹೋಗುತ್ತಾರೆ. ಅವಳೂ ಹಾಗೆ ಹೋದರೆ ಸಾಕು. ಮುಂದೆ ಅವಳಿಗೆ ಗೊತ್ತಾಗುವ ದಾರಿಯೂ ಅಲ್ಲೇ ಇದೆ: ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ. ಎರಡನೇ ಕಂತಿನಲ್ಲಿ ಗೆಳತಿಯೊಬ್ಬಳು ಅದನ್ನು ತೆರೆದು ತೋರಿಸಲಿ.

ರೈಲ್ವೆ ಸ್ಟೇಷನ್ ಬೇಡ ಅನ್ನುತ್ತೇನೆ. ‘ಯೂ’ದಲ್ಲಿ ಆ ದೃಶ್ಯಕ್ಕೆ ಎರಡು ಕೆಲಸ, ಅವಳನ್ನು ಋಣಿಯಾಗಿಸುವುದು ಮತ್ತು ಫೋನು ಅವನಿಗೆ ಸಿಗುವಂತೆ ಮಾಡುವುದು. ಎರಡನೆಯದು ನಿಮ್ಮಲ್ಲಿ ಆಗಲೇ ಮುಗಿದಿದೆ. ಋಣಕ್ಕೆ, ಪ್ರಬಂಧ ಸಲ್ಲಿಸುವ ಕೊನೆಯ ದಿನ ಕರೆಂಟು ಹೋದಾಗ ಯುಪಿಎಸ್ ಮೇಲೆ ಅವಳ 80 ಪುಟ ತೆಗೆದುಕೊಟ್ಟರೆ ಸಾಕು. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ವಿದ್ಯುತ್ ಬಹಳ ಎಳೆಯುತ್ತದೆ, ಸಣ್ಣ ಯುಪಿಎಸ್ ಅಲ್ಲೇ ಕೈಕೊಡುತ್ತದೆ. ಅದನ್ನು ಬಲ್ಲ ಅಂಗಡಿಯವನು ಇಂಕ್‌ಜೆಟ್‌ಗೆ ಬದಲಾಯಿಸುತ್ತಾನೆ. ಹಾಗೆಯೇ ಕಿಟಕಿಯ ಎದುರು ಗಂಟೆಗಟ್ಟಲೆ ನಿಲ್ಲಿಸಬೇಡಿ, ಧಾರವಾಡದ ಓಣಿಯಲ್ಲಿ ಹತ್ತು ನಿಮಿಷಕ್ಕೆ ಯಾರಾದರೂ ‘ಯಾರ್ ಬೇಕಾಗಿತ್ರಿ?’ ಕೇಳುತ್ತಾರೆ. ಆ ಪ್ರಶ್ನೆಗೆ ಅವನು ಸಲೀಸಾಗಿ ಸುಳ್ಳು ಹೇಳುವುದನ್ನು ತೋರಿಸಿ, ಅದು ಕಿಟಕಿಗಿಂತ ಭಯ.

ಪೊಲೀಸ್ ದೃಶ್ಯ ಬಂದರೆ ಒಂದು ಎಚ್ಚರ. ‘ಅವಳು ಬೇಡ ಅಂದೇ ಇಲ್ಲವಲ್ಲ, ಕೇಸು ಹೇಗೆ?’ ಎಂದು ಬರೆಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂಗೆ ಎರಡು ಭಾಗ. ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹಿಂಬಾಲಿಸಿ ಮತ್ತೆ ಮತ್ತೆ ಸಂಪರ್ಕಿಸುವುದು ಒಂದು. ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಇನ್ನೊಂದು, ಅದಕ್ಕೆ ಅವಳು ಬೇಡ ಅಂದಿರಬೇಕಿಲ್ಲ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ಕ್ಕೆ ಮೊದಲಿನ ಕಥೆಯಾದರೆ ಐಪಿಸಿ 354ಡಿ ಎಂದು ಬರೆಯಿರಿ.

---

ಬೂಮ್_ಹಿಡಿದವ:

ರೇಡಿಯೊ ನಾಟಕದ ಹಾಗೆ ಕೇಳಿಸಲು ಅರ್ಧ ಕಾರಣ ಬರವಣಿಗೆ, ಇನ್ನರ್ಧ ಮೈಕು. ಒಳದನಿಯನ್ನು ನಟ ನಿಂತು, ಗಟ್ಟಿಯಾಗಿ, ಒಂದು ಅಡಿ ದೂರದಿಂದ ಹೇಳಿದರೆ ಪ್ರಕಟಣೆಯಾಗುತ್ತದೆ. ಕೂರಿಸಿ, ಪಾಪ್ ಫಿಲ್ಟರ್ (ಉಸಿರಿನ ಗಾಳಿ ತಡೆಯುವ ಜಾಲರಿ) ಹಾಕಿ, ಬಾಯಿಂದ 10–15 ಸೆಂ.ಮೀ. ದೂರದಲ್ಲಿ ಕಾರ್ಡಿಯಾಯ್ಡ್ ಮೈಕ್ (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವಂಥದ್ದು) ಇಡಿ. ಅಷ್ಟು ಹತ್ತಿರದಲ್ಲಿ ತಗ್ಗಿನ ಸ್ವರ ತಾನಾಗಿ ದಪ್ಪವಾಗುತ್ತದೆ, ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತದೆ. ಪ, ಬ ಅಕ್ಷರಗಳ ಗಾಳಿ ಬಡಿದರೆ ಮೈಕನ್ನು ತುಸು ಓರೆ ಮಾಡಿ. ಪ್ರತಿಧ್ವನಿ ಹಾಕಲೇಬೇಡಿ, ಹಾಕಿದ ಕೂಡಲೇ ಅದು ಕನಸಿನ ದೃಶ್ಯ ಆಗಿಬಿಡುತ್ತದೆ.

ಇಂಗ್ಲಿಷ್ ಒಳದನಿಗೆ ನಿಮಿಷಕ್ಕೆ 150 ಪದದ ಲೆಕ್ಕ ಇಡುತ್ತಾರೆ. ಕನ್ನಡದ ಪದ ಉದ್ದ, ನಿಮಿಷಕ್ಕೆ ಸುಮಾರು 100 ಎಂದುಕೊಂಡು ಬರೆಯಿರಿ, ಇಲ್ಲವಾದರೆ ಎಡಿಟ್‌ನಲ್ಲಿ ಶಾಟ್ ಮುಗಿದಿರುತ್ತದೆ, ಮಾತು ಉಳಿದಿರುತ್ತದೆ. ಶೂಟಿಂಗಿಗೆ ಮೊದಲೇ ಮೊಬೈಲಿನಲ್ಲಿ ಕಚ್ಚಾ ಒಳದನಿ ರೆಕಾರ್ಡ್ ಮಾಡಿ ಸೆಟ್‌ಗೆ ಒಯ್ಯಿರಿ. ರಿಹರ್ಸಲ್‌ನಲ್ಲಿ ಅದನ್ನು ಕೇಳಿಸಿದರೆ ನಟನ ಮುಖ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಅವನಿಗೇ ತಿಳಿಯುತ್ತದೆ. ಜೆರಾಕ್ಸ್ ಯಂತ್ರದ ಸದ್ದನ್ನು ಮಾತಿಲ್ಲದೆ ಬೇರೆಯಾಗಿ ಎರಡು ನಿಮಿಷ ಹಿಡಿದಿಡಿ. ಮಾತಿನ ಹಿಂದೆ ಅದೇ ಓಡಿದರೆ ಸಂಭಾಷಣೆ ಕತ್ತರಿಸಲು ಬರುವುದಿಲ್ಲ.

ಆ ಕೊನೆಯ ‘ಸಂಜಿಗೆ ಬಾ’ ಇದೆಯಲ್ಲ, ಅದನ್ನು ಎರಡು ಸಲ ಹಿಡಿಯಿರಿ. ಸೆಟ್‌ನಲ್ಲಿ ಬೂಮ್‌ನಿಂದ (ಉದ್ದ ಕೋಲಿನ ತುದಿಯ ಮೈಕಿನಿಂದ) ಒಮ್ಮೆ, ಒಳದನಿಯ ಮೈಕಿನಲ್ಲಿ ಹತ್ತಿರದಿಂದ ಇನ್ನೊಮ್ಮೆ. ಎಡಿಟ್‌ನಲ್ಲಿ ವಾಕ್ಯ ಬೂಮ್‌ನಲ್ಲಿ ಶುರುವಾಗಿ ‘ಬಾ’ ಮಾತ್ರ ಹತ್ತಿರದ ಮೈಕಿಗೆ ಜಾರಲಿ, ಯಂತ್ರದ ಸದ್ದು ಅದೇ ಫ್ರೇಮಿನಲ್ಲಿ ನಿಲ್ಲಲಿ.